ಹುಟ್ಟು ಹಾಕುವ ಮುನ್ನ ಹೊಳೆಯ ಜಾತಕ ನೋಡಿ

ವೀಕೆಂಡ್ ಬಂತೆಂದರೆ ಸಾಕು, ಬೆಂಗಳೂರು–ಮಂಗಳೂರು ಹೆದ್ದಾರಿಯಲ್ಲಿ ಸಕಲೇಶಪುರದ ಕಡೆಗೆ ಬೈಕು, ಕಾರುಗಳ ಸಾಲು. ಮಂಜರಾಬಾದ್ ಕೋಟೆ, ಬಿಸಿಲೆ ಘಾಟ್, ಕಾಫಿ ತೋಟದ ಹೋಂಸ್ಟೇ ಎಲ್ಲ ನೋಡಿ ಮುಗಿಸಿದವರ ಹೊಸ ಪ್ರಶ್ನೆ, ‘ಇಲ್ಲಿ ಕಯಾಕಿಂಗ್ ಮಾಡೋಕೆ ಯಾವ ಹೊಳೆ ಚೆನ್ನಾಗಿದೆ?’ ಆಲೂರಿನವಳಾದ ನನಗೆ ಕಾಲೇಜಿನ ಗೆಳೆಯರಿಂದ ಇಂಥ ಮೆಸೇಜುಗಳು ಬರುತ್ತಲೇ ಇರುತ್ತವೆ. ಸುತ್ತ ಇಷ್ಟೊಂದು ನೀರಿದೆಯಲ್ಲ, ಯಾವುದೋ ಒಂದು ಆಗುತ್ತೆ ಬಿಡು ಎಂಬುದು ಅವರ ಲೆಕ್ಕ. ಆದರೆ ಊರಲ್ಲಿ ಹೊಳೆ ಇರುವುದು ಬೇರೆ, ಆ ಹೊಳೆ ದೋಣಿಗೆ ಒಗ್ಗುವುದು ಬೇರೆ.

ಕಯಾಕ್ ಎಂದರೆ ಕಾಲು ಚಾಚಿ ಕುಳಿತು, ಎರಡೂ ತುದಿಗೆ ಅಲಗಿರುವ ಹುಟ್ಟು ಹಾಕುವ ಪುಟ್ಟ ದೋಣಿ. ಕನೂ ಸ್ವಲ್ಪ ಅಗಲ, ಅದರ ಹುಟ್ಟಿಗೆ ಒಂದೇ ಅಲಗು. ಎರಡಕ್ಕೂ ಬೇಕಾದದ್ದು ತಳ ತಾಗದಷ್ಟು ನೀರು, ಹಿಡಿತ ಮೀರದಷ್ಟು ಸೆಳೆತ. ಇದು ಎಲ್ಲಿ, ಯಾವಾಗ ಸಿಗುತ್ತದೆ ಎಂದು ತಿಳಿಯಲು ಹೊಳೆಗೆ ಮೂರು ಪ್ರಶ್ನೆ ಕೇಳಬೇಕು. ನಿನ್ನ ಇಳಿಜಾರು ಎಷ್ಟು? ನಿನ್ನ ನೀರು ಯಾವ ತಿಂಗಳದ್ದು? ನಿನ್ನ ಬೀಗದ ಕೈ ಯಾರ ಬಳಿ ಇದೆ?

ಒಂದೇ ತಾಲ್ಲೂಕು, ಎರಡು ಸಮುದ್ರ

ಬಿಸಿಲೆಯ ಹಾದಿಯಲ್ಲಿ, ಮಂಕನಹಳ್ಳಿ ಬಳಿ ‘ರಿಡ್ಜ್’ ಎಂಬ ಕಲ್ಲೊಂದಿದೆ. ಅದರ ಒಂದು ಬದಿಗೆ ಬಿದ್ದ ಮಳೆ ಹೇಮಾವತಿ, ಕಾವೇರಿ ಸೇರಿ ಬಂಗಾಳಕೊಲ್ಲಿಗೆ ಹೋಗುತ್ತದೆ. ಇನ್ನೊಂದು ಬದಿಯದ್ದು ಕುಮಾರಧಾರಾ, ನೇತ್ರಾವತಿ ಸೇರಿ ಅರಬ್ಬಿ ಸಮುದ್ರಕ್ಕೆ ಇಳಿಯುತ್ತದೆ. ನಮ್ಮ ಕಡೆ ಕಯಾಕಿಂಗ್ ಲೆಕ್ಕಾಚಾರ ಶುರುವಾಗಬೇಕಾದದ್ದು ಈ ಕಲ್ಲಿನಿಂದಲೇ.

ಪಶ್ಚಿಮದ ಕೆಂಪುಹೊಳೆಯನ್ನೇ ನೋಡಿ. ಶಿರಾಡಿ ಘಾಟಿಯಲ್ಲಿ ಬಸ್ಸಿನ ಕಿಟಕಿಯಿಂದ ಅದನ್ನು ಕಂಡವರಿಗೆಲ್ಲ ಇಳಿಯುವ ಆಸೆಯಾಗುತ್ತದೆ. ಅಲ್ಲೇ ಪಕ್ಕದ ಬೆಟ್ಟದಲ್ಲಿ ಸಕಲೇಶಪುರ–ಸುಬ್ರಹ್ಮಣ್ಯ ರೈಲು ಹಳಿ 57 ಸುರಂಗ ದಾಟಿ ಇಳಿಯುತ್ತದೆ. ಘಾಟಿಯಲ್ಲಿ ಆ ಹಳಿಯ ಇಳಿಜಾರು 50 ಮೀಟರಿಗೆ ಒಂದು ಮೀಟರ್, ಅಂದರೆ ಕಿಲೋಮೀಟರಿಗೆ 20 ಮೀಟರ್. ಹೊಸಬರು ಕಲಿಯುವ ನದಿ ಕಿಲೋಮೀಟರಿಗೆ ಒಂದೆರಡು ಮೀಟರ್ ಇಳಿದರೆ ಹೆಚ್ಚು. ಸುತ್ತಿ ಬಳಸಿ ಹೋಗುವ ಹಳಿಯೇ ಇಷ್ಟು ಕಡಿದಾಗಿದ್ದರೆ, ನೆಟ್ಟಗೆ ಧುಮುಕುವ ಹಳ್ಳಗಳ ಕತೆ ಊಹಿಸಿಕೊಳ್ಳಿ. ಮಳೆಗಾಲದಲ್ಲಿ ಬಂಡೆಗಳ ನಡುವೆ ನೊರೆ, ಬೇಸಿಗೆಯಲ್ಲಿ ಬರೀ ಬಂಡೆ. ಜೊತೆಗೆ ಈ ಬದಿಯ ಹಳ್ಳಗಳು ಬಹುಪಾಲು ಮೀಸಲು ಅರಣ್ಯದಲ್ಲಿವೆ, ಅನುಮತಿ ಇಲ್ಲದೆ ಕಾಲಿಡುವಂತಿಲ್ಲ. ಪಶ್ಚಿಮದ ಹೊಳೆಗಳನ್ನು ರಸ್ತೆಯಿಂದಲೇ ನೋಡಿ ಖುಷಿಪಡುವುದು ಜಾಣತನ.

ಹೇಮಾವತಿಯ ಕ್ಯಾಲೆಂಡರ್

ಪೂರ್ವಕ್ಕೆ ಹರಿಯುವ ಹೇಮಾವತಿಯ ಸ್ವಭಾವ ಬೇರೆ. ಮೂಡಿಗೆರೆ ತಾಲ್ಲೂಕಿನ ಜಾವಳಿಯಲ್ಲಿ ಹುಟ್ಟಿ, ಸಕಲೇಶಪುರ ಪಟ್ಟಣವನ್ನು ಹಾದು, ಒಟ್ಟು 245 ಕಿ.ಮೀ. ಹರಿದು ಕೆ.ಆರ್.ಎಸ್. ಹಿನ್ನೀರಿನಲ್ಲಿ ಕಾವೇರಿಯನ್ನು ಸೇರುತ್ತದೆ. ಇಳಿಜಾರು ಕಡಿಮೆ, ಪಾತ್ರ ಅಗಲ. ಹಾಗೆಂದು ವರ್ಷವಿಡೀ ನಂಬುವಂತಿಲ್ಲ. ಪುಷ್ಯ, ಆಶ್ಲೇಷ ಮಳೆ ಜೋರಾದ ವರ್ಷ ಸಕಲೇಶಪುರದ ಹೊಳೆಮಲ್ಲೇಶ್ವರ ದೇವಸ್ಥಾನಕ್ಕೇ ನೀರು ನುಗ್ಗುತ್ತದೆ. ಆಗ ದೋಣಿಯ ಮಾತೇ ಬೇಡ. ಮಾರ್ಚ್ ಬಂತೆಂದರೆ ಅದೇ ಪಾತ್ರದಲ್ಲಿ ಕಲ್ಲು ಎಣಿಸಬಹುದು. ನಡುವೆ, ಉತ್ತರೆ ಮಳೆ ಕಳೆದು ನೀರು ತಿಳಿಯಾದ ಮೇಲೆ ಡಿಸೆಂಬರ್ ತನಕ ಸಿಗುವ ಎರಡು–ಎರಡೂವರೆ ತಿಂಗಳೇ ನಮ್ಮ ಸೀಸನ್. ಆಗಲೂ ಚಿತ್ತೆ, ಸ್ವಾತಿ ಮಳೆಯ ಗುಡುಗು ಸಂಜೆಯ ಲೆಕ್ಕ ತಪ್ಪಿಸಬಹುದು. ಬೆಳಿಗ್ಗೆ ಇಳಿದು ಮಧ್ಯಾಹ್ನದೊಳಗೆ ದಡ ಸೇರುವುದು ಒಳ್ಳೆಯದು.

ಬೀಗದ ಕೈ ಯಾರ ಬಳಿ?

ದಾಂಡೇಲಿ ಕಡೆಯ ಕಾಳಿ ನದಿಯಲ್ಲಿ ಬೇಸಿಗೆಯಲ್ಲೂ ರಾಫ್ಟಿಂಗ್ ನಡೆಯುವುದು ಹೇಗೆ? ಮೇಲೆ ಸೂಪಾ ಅಣೆಕಟ್ಟೆ ಇದೆ. ವಿದ್ಯುತ್ ಉತ್ಪಾದನೆಗೆ ಬಿಡುವ ನೀರು ಗಣೇಶಗುಡಿಯ ಬಳಿ ಹೊಳೆಯನ್ನು ಜೀವಂತವಾಗಿಡುತ್ತದೆ. ಅಲ್ಲಿ ಕೀಲಿ ವಿದ್ಯುತ್ ನಿಗಮದ ಕೈಯಲ್ಲಿ. ಕೊಡಗಿನ ಬರಪೊಳೆಗೆ ಮಳೆಯೇ ಕೀಲಿ, ಅದಕ್ಕೇ ಅಲ್ಲಿ ರಾಫ್ಟಿಂಗ್ ಮಳೆಗಾಲಕ್ಕೆ ಸೀಮಿತ. ಸಕಲೇಶಪುರದ ಮೇಲ್ಭಾಗದಲ್ಲಿ ಹೇಮಾವತಿಗೆ ದೊಡ್ಡ ಅಣೆಕಟ್ಟೆ ಇಲ್ಲ. ಹಾಗಾಗಿ ನಮ್ಮ ಕೀಲಿಯೂ ಮಳೆಯೇ. ಪಟ್ಟಣದಲ್ಲಿ ಬಿಸಿಲಿದ್ದರೂ ಮೂಡಿಗೆರೆಯಲ್ಲಿ ಸುರಿದರೆ ಹೊಳೆ ಏರುತ್ತದೆ.

ಎತ್ತಿನಹೊಳೆಯ ಕತೆ ಇನ್ನೊಂದು ರೀತಿ. 24.01 ಟಿಎಂಸಿ ನೀರೆತ್ತುವ ಯೋಜನೆಯ ಮೊದಲ ಹಂತ 2024ರ ಸೆಪ್ಟೆಂಬರ್ 6ರಂದು ಉದ್ಘಾಟನೆಯಾಯಿತು. ಎತ್ತಿನಹೊಳೆ, ಕಾಡುಮನೆಹೊಳೆ, ಕೇರಿಹೊಳೆ ಮುಂತಾದ ಹಳ್ಳಗಳಿಗೆ ಈಗ ಒಡ್ಡುಗಳಿವೆ, ಪಂಪುಗಳಿವೆ. ಅಲ್ಲಿನ ಹರಿವನ್ನು ಮಳೆಯೊಂದೇ ನಿರ್ಧರಿಸುತ್ತಿಲ್ಲ. ಐದಾರು ವರ್ಷ ಹಿಂದಿನ ವಿಡಿಯೊ ನೋಡಿ ಹೊರಟರೆ ಆ ಹೊಳೆಯೇ ಅಲ್ಲಿರಲಿಕ್ಕಿಲ್ಲ.

ಹೊಸಬರಿಗೆ ಹಿನ್ನೀರೇ ಗುರು

ಮೊದಲ ಸಲ ಹುಟ್ಟು ಹಿಡಿಯುವವರು ಹರಿವ ನೀರಿಗಿಂತ ನಿಂತ ನೀರನ್ನೇ ಆರಿಸಿಕೊಳ್ಳಿ. ಬೇಲೂರಿನ ಯಗಚಿ ಹಿನ್ನೀರು ಸಕಲೇಶಪುರದಿಂದ ಸುಮಾರು 35 ಕಿ.ಮೀ. ದೂರ. ಅಲ್ಲಿ ಜಲಸಾಹಸ ಕ್ರೀಡಾ ಕೇಂದ್ರವಿದೆ. ತೆರೆದಿದೆಯೇ, ಕಯಾಕ್ ಇದೆಯೇ ಎಂದು ಮೊದಲೇ ವಿಚಾರಿಸಿಕೊಂಡು ಹೋಗಿ. ಇನ್ನೂ ಗಂಭೀರವಾಗಿ ಕಲಿಯಬೇಕೆನ್ನುವವರಿಗೆ ಶರಾವತಿ ಹಿನ್ನೀರಿನ ಹೊನ್ನೆಮರಡು ಇದೆ.

ಗೊರೂರು ಅಣೆಕಟ್ಟೆಯ ಹಿನ್ನೀರು ನೋಡಲು ಶಾಂತ. ಶೆಟ್ಟಿಹಳ್ಳಿಯ ಹಳೆಯ ಚರ್ಚ್ ಮುಳುಗಿ ಏಳುವುದು ಇದರಲ್ಲೇ. ಚರ್ಚಿನಂತೆಯೇ ಮನೆಗಳ ಗೋಡೆ, ಬಾವಿ, ಮರದ ಬೊಡ್ಡೆಗಳೂ ನೀರಿನಡಿ ಇವೆ. ಮೀನಿನ ಬಲೆಗಳಿವೆ, ಮಧ್ಯಾಹ್ನದ ಮೇಲೆ ಗಾಳಿಯ ಅಲೆಗಳಿವೆ. ಆಲೂರು ಕಡೆಯ ದಡದಲ್ಲಿ ಮುಂಜಾನೆ, ಮುಸ್ಸಂಜೆ ಆನೆಗಳೂ ಇರಬಹುದು. ಹಿಂಡು ಎಲ್ಲಿದೆ ಎಂದು ಅರಣ್ಯ ಇಲಾಖೆ ಕೊಡುವ ಸಂದೇಶ ನೋಡದೆ ಮನೆ ಬಿಡಬೇಡಿ. ಅಣೆಕಟ್ಟೆಯ ಹತ್ತಿರ ಹೋಗುವುದಂತೂ ಬೇಡವೇ ಬೇಡ.

ಹೊರಡುವ ಮುನ್ನ

ದಿನಪತ್ರಿಕೆಯಲ್ಲಿ ಜಲಾಶಯ ಮಟ್ಟದ ಪಟ್ಟಿ ಬರುತ್ತದಲ್ಲ, ಅದನ್ನು ಓದಲು ಕಲಿಯಿರಿ. ಗೊರೂರಿನ ಒಳಹರಿವು ಮೂರು ದಿನ ಸತತ ಏರುತ್ತಿದೆ ಎಂದರೆ ಸಕಲೇಶಪುರದ ಹೊಳೆ ತುಂಬಿದೆ ಎಂದೇ ಅರ್ಥ. ಹೊರಹರಿವು ಹೆಚ್ಚಿದ್ದರೆ ಅಣೆಕಟ್ಟೆಯ ಕೆಳಗೆ ಇಳಿಯಬೇಡಿ. ಮಳೆಯ ಮುನ್ಸೂಚನೆಯನ್ನು ಮೂಡಿಗೆರೆಯದ್ದೂ ಸೇರಿಸಿ ನೋಡಿ.

ನೀರಿಗಿಳಿಯುವ ಜಾಗದಷ್ಟೇ ಮುಖ್ಯ, ಮೇಲೇಳುವ ಜಾಗ. ಎರಡನ್ನೂ ಮೊದಲೇ ನಡೆದು ನೋಡಿ. ನಡುವೆ ಚೆಕ್‌ಡ್ಯಾಂ ಇದ್ದರೆ ದೋಣಿ ಹೊತ್ತು ದಡದಲ್ಲಿ ದಾಟಿ. ಅದರ ಕೆಳಗೆ ನೀರು ಹಿಂದಕ್ಕೆ ಮಗುಚಿ ಸುತ್ತುತ್ತದೆ, ಈಜು ಬಲ್ಲವರನ್ನೂ ಬಿಡುವುದಿಲ್ಲ. ಅಡ್ಡ ಬಿದ್ದ ಮರವೂ ಅಷ್ಟೇ ಅಪಾಯ. ಲೈಫ್ ಜಾಕೆಟ್ ತೊಡದವರಿಗೆ ದೋಣಿ ಬೇಡ.

ನಮ್ಮೂರಿನಲ್ಲಿ ಮೀನು ಹಿಡಿಯುವ ಹಿರಿಯರೊಬ್ಬರು ಹೇಳಿದ ಮಾತು ಎಲ್ಲ ಆ್ಯಪ್‌ಗಳಿಗಿಂತ ಚೆನ್ನಾಗಿದೆ. ‘ನೋಡವ್ವ, ಹೊಳೆ ಬಣ್ಣ ಬದ್ಲಾಯ್ತು ಅಂದ್ರೆ ಮ್ಯಾಲೆ ಎಲ್ಲೋ ಮಳೆ ಉಯ್ದದೆ ಅಂತ್ಲೇ. ಆವಾಗ ಇನ್ನೊಂದ್ ಗಳಿಗೆ ನೋಡನ ಅಂತ ನಿಂತ್ಕಬಾರ್ದು.’

ಇಂಥವರ ತಿಳಿವಳಿಕೆ ಎಲ್ಲೂ ಬರೆದಿಟ್ಟಿಲ್ಲ. ಅದನ್ನು ಬರೆದಿಡುವ ಕೆಲಸವನ್ನು ನಾವೇ ಮಾಡಬಹುದು. ಹಾಸನ, ಸಕಲೇಶಪುರ, ಆಲೂರಿನ ಯಾವುದೇ ಕಾಲೇಜಿನ ಎನ್ಎಸ್ಎಸ್ ಘಟಕ ಒಂದು ಸೇತುವೆ ಆರಿಸಿಕೊಂಡು, ಪ್ರತಿ ಶನಿವಾರ ಬೆಳಿಗ್ಗೆ ದಡದಲ್ಲೇ ನಿಂತು, ನೀರು ಕಂಬದ ಎಷ್ಟನೇ ಸಾಲು ಕಲ್ಲಿನವರೆಗೆ ಇದೆ ಎಂದು ಫೋಟೊ ಸಮೇತ ಬರೆದಿಡಲಿ. ಎರಡು ವರ್ಷವಾದರೆ ಯಾವ ವಾರ ಹೊಳೆ ಕರೆಯುತ್ತದೆ, ಯಾವ ವಾರ ಬೇಡ ಎನ್ನುತ್ತದೆ ಎಂಬ ಪಂಚಾಂಗ ನಮ್ಮ ಕೈಯಲ್ಲಿರುತ್ತದೆ. ಮುಂದೆ ಇಲ್ಲಿ ಜಲಸಾಹಸ ಬೆಳೆದರೆ ಗೈಡ್, ತರಬೇತುದಾರ, ರಕ್ಷಕರ ಕೆಲಸಗಳು ಬರುತ್ತವೆ. ಕೆಲಸ ಹುಡುಕಿ ಬೆಂಗಳೂರು ಬಸ್ಸು ಹತ್ತುವ ನಮ್ಮ ಹುಡುಗ ಹುಡುಗಿಯರಿಗೆ ಆ ಕೆಲಸ ಸಿಗಬೇಕಾದರೆ, ಈ ಹೊಳೆಯನ್ನು ಹೊರಗಿನವರಿಗಿಂತ ಮೊದಲು ಅವರೇ ಓದಿರಬೇಕು. ಬರುವ ಶನಿವಾರ ದೋಣಿ ಇಲ್ಲದಿದ್ದರೂ ಚಿಂತೆಯಿಲ್ಲ, ಒಂದು ನೋಟ್‌ಬುಕ್ ಹಿಡಿದು ಸೇತುವೆಯ ಬಳಿ ಹೋಗಿ ಬನ್ನಿ.