ಇಟ್ಟಿಗೆಗಳ ವ್ಯೋಮನೌಕೆ: ಕಟ್ಟುವ ಲೆಕ್ಕ, ಹಂಚುವ ಭಾಷೆ



ಚಲನಚಿತ್ರದಲ್ಲೋ ವೈಜ್ಞಾನಿಕ ಕಥೆಯಲ್ಲೋ ಕಂಡ ವ್ಯೋಮನೌಕೆಯನ್ನು ಪ್ಲಾಸ್ಟಿಕ್ ಇಟ್ಟಿಗೆಗಳಿಂದ ಕಟ್ಟುವುದು ಮಕ್ಕಳಾಟವೆಂದು ಮೇಲುನೋಟಕ್ಕೆ ತೋರುತ್ತದೆ. ಆದರೆ ಪ್ರಪಂಚದ ಅನೇಕ ದೇಶಗಳಲ್ಲಿ ಶಾಲಾ ಮಕ್ಕಳಿಂದ ಹಿಡಿದು ಎಂಜಿನಿಯರುಗಳವರೆಗೆ ಸಾವಿರಾರು ಜನ ಇದರಲ್ಲಿ ಶ್ರದ್ಧೆಯಿಂದ ತೊಡಗಿದ್ದಾರೆ. ಪೆಟ್ಟಿಗೆಯೊಡನೆ ಬರುವ ಸೂಚನೆಯಂತೆ ತುಂಡುಗಳನ್ನು ಕೂಡಿಸಿದರೆ ಅದು ಜೋಡಣೆ. ಸೂಚನೆಯಿಲ್ಲದೆ ತನ್ನದೇ ಕಲ್ಪನೆಯಿಂದ ಹೊಸ ಮಾದರಿಯನ್ನು ರೂಪಿಸಿದರೆ ಅದು ವಿನ್ಯಾಸ. ಇದಕ್ಕೂ ಮೇಲೆ ಇನ್ನೊಂದು ಮೆಟ್ಟಿಲಿದೆ. ನೀವು ರೂಪಿಸಿದ ನೌಕೆಯನ್ನು, ನಿಮ್ಮನ್ನು ಎಂದೂ ಕಾಣದ ಮತ್ತೊಬ್ಬರು ಮತ್ತೊಂದು ಊರಿನಲ್ಲಿ ತಪ್ಪಿಲ್ಲದೆ ಕಟ್ಟುವಂತೆ ಬರೆದಿಡುವುದೇ ಆ ಮೆಟ್ಟಿಲು. ಅಲ್ಲಿಗೆ ಏರದ ಮಾದರಿ ಕಪಾಟಿನ ಅಲಂಕಾರವಾಗಿ ಉಳಿಯುತ್ತದೆ. ಒಮ್ಮೆ ಬಿಚ್ಚಿದರೆ ಅದನ್ನು ಕಟ್ಟಿದವರಿಗೂ ಮತ್ತೆ ಕಟ್ಟಲು ಬಾರದೆ ಹೋಗಬಹುದು.

ಈ ಮೂರೂ ಮೆಟ್ಟಿಲುಗಳಿಗೆ ಆಧಾರವಾಗಿರುವುದು ಅಳತೆ. ಅದು ಹೇಗೆಂಬುದನ್ನು ಲೆಗೋ ಇಟ್ಟಿಗೆಯ ಉದಾಹರಣೆಯಿಂದ ನೋಡೋಣ.

ಬಡಗಿಯ ಅಂಗಡಿಯಿಂದ

ಡೆನ್ಮಾರ್ಕಿನ ಬಿಲ್ಲುಂಡ್ ಎಂಬ ಸಣ್ಣ ಊರಿನಲ್ಲಿ ಓಲೆ ಕಿರ್ಕ್ ಕ್ರಿಸ್ಟಿಯನ್ಸನ್ ಎಂಬ ಬಡಗಿ 1932ರಲ್ಲಿ ಮರದ ಆಟಿಕೆಗಳ ತಯಾರಿಕೆ ಆರಂಭಿಸಿದರು. ಡೇನಿಶ್ ಭಾಷೆಯಲ್ಲಿ ‘ಚೆನ್ನಾಗಿ ಆಡು’ ಎಂಬರ್ಥದ ಎರಡು ಪದಗಳಿಂದ ‘ಲೆಗೋ’ ಎಂಬ ಹೆಸರು ಹುಟ್ಟಿತು. 1949ರಲ್ಲಿ ಬಂದ ಅವರ ಮೊದಲ ಪ್ಲಾಸ್ಟಿಕ್ ಇಟ್ಟಿಗೆಗಳಿಗೆ ಬ್ರಿಟನ್ನಿನ ಹಿಲರಿ ಪೇಜ್ ಎಂಬುವರು ಅದಕ್ಕೂ ಮುಂಚೆ ರೂಪಿಸಿದ್ದ ಇಟ್ಟಿಗೆಗಳೇ ಮಾದರಿ. ಆ ಇಟ್ಟಿಗೆಗಳ ಒಳಭಾಗ ಟೊಳ್ಳಾಗಿತ್ತು. ಒಂದರ ಮೇಲೊಂದು ಇಟ್ಟರೆ ಹಿಡಿತ ಸಾಲದೆ ಬೇಗನೆ ಕಳಚಿಕೊಳ್ಳುತ್ತಿದ್ದವು. ಟೊಳ್ಳಿನೊಳಗೆ ಕೊಳವೆಗಳನ್ನು ಸೇರಿಸಿದ ಹೊಸ ರಚನೆಗೆ 1958ರ ಜನವರಿ 28ರಂದು ಪೇಟೆಂಟ್ ಅರ್ಜಿ ಸಲ್ಲಿಕೆಯಾಯಿತು. ಕೆಳಗಿನ ಇಟ್ಟಿಗೆಯ ಮೇಲಿರುವ ಗುಂಡನೆಯ ಉಬ್ಬು ಮೇಲಿನ ಇಟ್ಟಿಗೆಯ ಗೋಡೆಗೂ ಕೊಳವೆಗೂ ನಡುವೆ ಬಿಗಿಯಾಗಿ ಸಿಕ್ಕಿಕೊಳ್ಳುತ್ತದೆ. ಈ ಉಬ್ಬನ್ನು ‘ಸ್ಟಡ್’ ಎನ್ನುತ್ತಾರೆ. 1963ರಿಂದ ಎ.ಬಿ.ಎಸ್. ಎಂಬ ಪ್ಲಾಸ್ಟಿಕ್ ಬಳಕೆಗೆ ಬಂತು. ಇದು ಗಟ್ಟಿ, ಆದರೂ ಒತ್ತಿದಾಗ ಕೂದಲೆಳೆಗಿಂತ ಕಡಿಮೆ ಬಾಗಿ, ಬಿಟ್ಟೊಡನೆ ಮೊದಲಿನಂತಾಗುತ್ತದೆ. ಹಿಡಿತದ ಗುಟ್ಟು ಇರುವುದು ಈ ಸ್ಥಿತಿಸ್ಥಾಪಕ ಗುಣದಲ್ಲಿ.

ಅಳತೆಗಳನ್ನು ಗಮನಿಸಿ. ಒಂದು ಸ್ಟಡ್ಡಿನ ನಡುವಿನಿಂದ ಪಕ್ಕದ ಸ್ಟಡ್ಡಿನ ನಡುವಿಗೆ 8 ಮಿಲಿಮೀಟರು. ಇಟ್ಟಿಗೆಯ ಎತ್ತರ 9.6 ಮಿಲಿಮೀಟರು. ‘ಪ್ಲೇಟ್’ ಎಂಬ ತೆಳು ತುಂಡಿನ ಎತ್ತರ ಇಟ್ಟಿಗೆಯ ಮೂರನೆಯ ಒಂದು ಭಾಗ, ಅಂದರೆ 3.2 ಮಿಲಿಮೀಟರು. 1958ರ ಇಟ್ಟಿಗೆ ಇಂದಿನ ಇಟ್ಟಿಗೆಗೂ ಕೂಡುವುದು ಈ ಅಳತೆಗಳನ್ನು ಕಾಪಾಡಿಕೊಂಡು ಬಂದುದರಿಂದ.

ನಿಯಮ ಇಷ್ಟು ಬಿಗಿಯಾದರೆ ಕಲ್ಪನೆಗೆ ಜಾಗವೆಲ್ಲಿ ಎಂದು ನೀವು ಕೇಳಬಹುದು. ಎಂಟು ಸ್ಟಡ್‌ಗಳ (2×4), ಒಂದೇ ಬಣ್ಣದ ಎರಡು ಇಟ್ಟಿಗೆಗಳನ್ನು 24 ರೀತಿಯಲ್ಲಿ ಕೂಡಿಸಬಹುದು. ಮೂರು ಇಟ್ಟಿಗೆಗಳಾದರೆ 1,060 ರೀತಿ. ಆರು ಇಟ್ಟಿಗೆಗಳಿಗೆ ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಗಣಿತಜ್ಞ ಸೋರೆನ್ ಐಲರ್ಸ್ ಕಂಪ್ಯೂಟರಿನ ನೆರವಿನಿಂದ ಕಂಡುಕೊಂಡ ಸಂಖ್ಯೆ 91,51,03,765!

ನೌಕೆಯ ಪ್ರಮಾಣ

ವಿನ್ಯಾಸಕ್ಕೆ ಕುಳಿತವರು ಮೊದಲು ನಿರ್ಧರಿಸಬೇಕಾದದ್ದು ಪ್ರಮಾಣ. ಲೆಗೋದ ಪುಟ್ಟ ಮನುಷ್ಯ ಬೊಂಬೆ 1978ರಲ್ಲಿ ಬಂತು. ಅದರ ಎತ್ತರ ಸುಮಾರು 4 ಸೆಂಟಿಮೀಟರು. ಮನುಷ್ಯನ ಎತ್ತರವನ್ನು 172 ಸೆಂಟಿಮೀಟರು ಎಂದಿಟ್ಟುಕೊಂಡರೆ ಪ್ರಮಾಣ 1:43 ಆಗುತ್ತದೆ. ಬೊಂಬೆ ಕೂರುವಂಥ ನೌಕೆಯನ್ನು 100 ಸ್ಟಡ್ ಉದ್ದ ಕಟ್ಟಿದರೆ ಅದರ ಉದ್ದ 80 ಸೆಂಟಿಮೀಟರು. ಕಥೆಯ ಲೋಕದಲ್ಲಿ ಅದು 34 ಮೀಟರಿಗಿಂತ ಸ್ವಲ್ಪ ಹೆಚ್ಚು ಉದ್ದದ ನೌಕೆ. ಅದೇ ನೌಕೆ ಅಂಗೈ ಮೇಲೆ ಕೂರಬೇಕೆಂದರೆ ಬೊಂಬೆಯನ್ನು ಮರೆಯಬೇಕು; ಆಗ ಒಂದೇ ಒಂದು ಪಾರದರ್ಶಕ ತುಂಡು ಚಾಲಕನ ಇಡೀ ಕೋಣೆಯಾಗುತ್ತದೆ.

ಪ್ರಮಾಣ ಬದಲಾದಂತೆ ಬೇಕಾಗುವ ಸಾಮಗ್ರಿ ಹೇಗೆ ಬದಲಾಗುತ್ತದೆ? ಉದ್ದ ಇಮ್ಮಡಿಯಾದರೆ ಹೊರಮೈ ನಾಲ್ಕು ಪಟ್ಟಾಗುತ್ತದೆ, ಗಾತ್ರ ಎಂಟು ಪಟ್ಟಾಗುತ್ತದೆ. 2013ರಲ್ಲಿ ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರ್‌ನಲ್ಲಿ ‘ಸ್ಟಾರ್ ವಾರ್ಸ್’ ಚಿತ್ರದ ಎಕ್ಸ್-ವಿಂಗ್ ನೌಕೆಯ ಬೃಹತ್ ಮಾದರಿಯನ್ನು ಪ್ರದರ್ಶಿಸಲಾಯಿತು. 560 ತುಂಡುಗಳ ಅಂಗಡಿ ಮಾದರಿಯನ್ನು 42 ಪಟ್ಟು ಹಿಗ್ಗಿಸಿ ಅದನ್ನು ಕಟ್ಟಿದ್ದರು. ಒಳಗೂ ಹೊರಗೂ ಅದೇ ರೀತಿ ತುಂಬಿ ಕಟ್ಟಿದ್ದರೆ 42ರ ಘನವನ್ನು 560ರಿಂದ ಗುಣಿಸಿದಷ್ಟು, ಅಂದರೆ ಸುಮಾರು 4 ಕೋಟಿ 15 ಲಕ್ಷ ತುಂಡುಗಳು ಬೇಕಾಗುತ್ತಿದ್ದವು. ನಿಜವಾಗಿ ಬಳಸಿದ್ದು 53,35,200. ಭಾರವನ್ನು ಹೊರಲು ಒಳಗೆ ಉಕ್ಕಿನ ಚೌಕಟ್ಟನ್ನಿಟ್ಟು, ಅದರ ಸುತ್ತ ಇಟ್ಟಿಗೆಯ ಗೋಡೆ ಕಟ್ಟಿದ್ದರು. ಹಾಗಿದ್ದೂ ಒಟ್ಟು ತೂಕ ಸುಮಾರು 21 ಟನ್ ಆಯಿತು.

ಮನೆಯಲ್ಲಿ ಕಟ್ಟುವವರಿಗೂ ಪಾಠ ಇದೇ. ಹೊರಮೈಯ ಅಂದಕ್ಕೆ ಮುಂಚೆ ಒಳಗಿನ ಬೆನ್ನೆಲುಬನ್ನು ಯೋಚಿಸಬೇಕು. ಉದ್ದನೆಯ ರೆಕ್ಕೆ ತನ್ನ ಭಾರಕ್ಕೆ ತಾನೇ ಜೋಲುತ್ತದೆ. ರೆಕ್ಕೆಯ ತುದಿ ದೂರವಾದಷ್ಟೂ ಬುಡದ ಜೋಡಣೆಯ ಮೇಲೆ ಬೀಳುವ ತಿರುಗುಬಲ ಹೆಚ್ಚುತ್ತದೆ. ಏತದ ಕೋಲಿನ ತತ್ತ್ವ ಇಲ್ಲಿಯೂ ಕೆಲಸ ಮಾಡುತ್ತದೆ.

ಇಟ್ಟಿಗೆಯನ್ನು ಮಲಗಿಸುವ ಲೆಕ್ಕ

ಸ್ಟಡ್‌ಗಳೆಲ್ಲ ಮೇಲ್ಮುಖವಾಗಿಯೇ ಇದ್ದರೆ ನೌಕೆ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಮೈ ನುಣುಪಾಗಿ ಕಾಣಬೇಕಾದರೆ ಕೆಲವು ಭಾಗಗಳನ್ನು ಅಡ್ಡಡ್ಡ ಮಲಗಿಸಿ ಕಟ್ಟಬೇಕು. ಪಕ್ಕದ ಮೈಯಲ್ಲಿ ಸ್ಟಡ್ ಇರುವ ವಿಶೇಷ ಇಟ್ಟಿಗೆಗಳು ಇದಕ್ಕೆಂದೇ ಇವೆ. ಆದರೆ ಅಗಲ 8 ಮಿಲಿಮೀಟರು, ಎತ್ತರ 9.6 ಮಿಲಿಮೀಟರು, ಮಲಗಿಸಿದ ಇಟ್ಟಿಗೆ ನಿಂತ ಇಟ್ಟಿಗೆಗಳ ಸಾಲಿಗೆ ಸರಿಹೊಂದುವುದಿಲ್ಲ, ಸಂದಿ ಬೀಳುತ್ತದೆ. ಪರಿಹಾರವೇನು?

ಲಘುತಮ ಸಾಮಾನ್ಯ ಅಪವರ್ತ್ಯದ ಪಾಠವನ್ನು ನೆನಪಿಸಿಕೊಳ್ಳಿ. ಐದು ಪ್ಲೇಟ್‌ಗಳ ಎತ್ತರ 5 × 3.2 = 16 ಮಿಲಿಮೀಟರು. ಎರಡು ಸ್ಟಡ್‌ಗಳ ಅಗಲ 2 × 8 = 16 ಮಿಲಿಮೀಟರು. ಎರಡೂ ಒಂದೇ! ಒಂದು ಇಟ್ಟಿಗೆ ಮತ್ತು ಎರಡು ಪ್ಲೇಟ್‌ಗಳನ್ನು ಜೋಡಿಸಿ ಮಲಗಿಸಿದರೆ ಅದು ಎರಡು ಸ್ಟಡ್ ಅಗಲದ ಜಾಗದಲ್ಲಿ ಸಂದಿಯಿಲ್ಲದೆ ಕೂರುತ್ತದೆ. ಹಾಗೆಯೇ ಐದು ಇಟ್ಟಿಗೆಗಳ ಎತ್ತರವೂ ಆರು ಸ್ಟಡ್‌ಗಳ ಅಗಲವೂ 48 ಮಿಲಿಮೀಟರು. ಅನುಭವಿ ವಿನ್ಯಾಸಕಾರರಿಗೆ ‘ಐದಕ್ಕೆ ಎರಡು’ ಎಂಬುದು ಮಗ್ಗಿಯಷ್ಟೇ ಬಾಯಿಪಾಠ.

ಓರೆ ರೆಕ್ಕೆಯ ಲೆಕ್ಕ ಬೇರೆ. ಒಂದು ಪ್ಲೇಟನ್ನು ಒಂದೇ ಸ್ಟಡ್ಡಿಗೆ ಸಿಕ್ಕಿಸಿದರೆ ಅದನ್ನು ಬೇಕಾದ ಕೋನಕ್ಕೆ ತಿರುಗಿಸಬಹುದು. ಆದರೆ ಇನ್ನೊಂದು ತುದಿ ಯಾವ ಸ್ಟಡ್ಡಿಗೂ ಸಿಗದೆ ರೆಕ್ಕೆ ಅಲುಗಾಡುತ್ತಿರುತ್ತದೆ. ಇಲ್ಲಿ ಪೈಥಾಗೊರಸನ ಪ್ರಮೇಯ ನೆರವಿಗೆ ಬರುತ್ತದೆ. ಮೊದಲ ಸ್ಟಡ್ಡಿನಿಂದ ಉದ್ದಕ್ಕೆ 4, ಅಡ್ಡಕ್ಕೆ 3 ಸ್ಟಡ್ ದೂರದಲ್ಲಿರುವ ಸ್ಟಡ್ಡಿಗೆ ಓರೆಯಾಗಿ ಅಳೆದರೆ ದೂರ ಸರಿಯಾಗಿ 5. ಆದ್ದರಿಂದ ರೆಕ್ಕೆಯ ಪ್ಲೇಟ್ ಅಲ್ಲಿಯೂ ಭದ್ರವಾಗಿ ಸಿಕ್ಕಿಕೊಳ್ಳುತ್ತದೆ. ಇದಕ್ಕೆ ಬೇಕಾದದ್ದು ಆರು ಸ್ಟಡ್ ಉದ್ದದ ಪ್ಲೇಟ್, ಐದರದ್ದಲ್ಲ. ಬೇಲಿಗೆ ಆರು ಕಂಬ ನೆಟ್ಟರೆ ನಡುವಿನ ಅಂತರಗಳು ಐದೇ ಅಲ್ಲವೇ? ನಡುವಿನ ಸ್ಟಡ್‌ಗಳು ಅಡ್ಡಬಾರದಂತೆ ಎರಡು ತುದಿಗಳ ಕೆಳಗೂ ಒಂದೊಂದು ಗುಂಡನೆಯ ಚಿಕ್ಕ ಪ್ಲೇಟ್ ಇಟ್ಟು ರೆಕ್ಕೆಯನ್ನು ಎತ್ತರಿಸಬೇಕು.

ಇನ್ನು ಹೊರಮೈಯ ಅಲಂಕಾರ. 1977ರ ‘ಸ್ಟಾರ್ ವಾರ್ಸ್’ ಚಿತ್ರಕ್ಕಾಗಿ ನೌಕೆಗಳ ಮಾದರಿ ಮಾಡಿದ ಕುಶಲಕರ್ಮಿಗಳು ಅಂಗಡಿಯಲ್ಲಿ ಸಿಗುವ ಯುದ್ಧ ಟ್ಯಾಂಕು, ವಿಮಾನಗಳ ಪ್ಲಾಸ್ಟಿಕ್ ಮಾದರಿಗಳನ್ನು ಕೊಂಡು, ಅವುಗಳ ಬಿಡಿಭಾಗಗಳನ್ನು ನೌಕೆಯ ಮೈಗೆ ಅಂಟಿಸಿದರು. ಈ ಸಣ್ಣಪುಟ್ಟ ಕೊಳವೆ, ಪೆಟ್ಟಿಗೆಗಳನ್ನು ಕಂಡ ಕಣ್ಣು ನೌಕೆ ಬಹಳ ದೊಡ್ಡದೆಂದು ನಂಬುತ್ತದೆ. ಇಟ್ಟಿಗೆಯ ಕಲಾವಿದರು ನಲ್ಲಿ, ಹಿಡಿಕೆ, ಚಕ್ರದ ತುಂಡುಗಳಿಂದ ಇದೇ ಪರಿಣಾಮವನ್ನು ತರುತ್ತಾರೆ. ಮೈಯೆಲ್ಲ ತುಂಬಿದರೆ ಗೊಂದಲ. ನುಣುಪಾದ ಮೈಯ ನಡುವೆ ಅಲ್ಲಲ್ಲಿ ಇಟ್ಟರೆ ಶೋಭೆ.

ಬರೆದಿಡುವ ಭಾಷೆ

ಮಾದರಿ ಸಿದ್ಧವಾಯಿತು. ಅದನ್ನು ಇನ್ನೊಬ್ಬರಿಗೆ ತಲುಪಿಸುವುದು ಹೇಗೆ? ಛಾಯಾಚಿತ್ರ ಹೊರಮೈಯನ್ನಷ್ಟೇ ತೋರಿಸುತ್ತದೆ, ಬೆನ್ನೆಲುಬು ಕಾಣುವುದಿಲ್ಲ. ಈ ಕೊರತೆಗೆ ಉತ್ತರ ಕೊಟ್ಟವರು ಆಸ್ಟ್ರೇಲಿಯಾದ ಜೇಮ್ಸ್ ಜೆಸ್ಸಿಮನ್. 1995ರಲ್ಲಿ ಅವರು ‘ಎಲ್‌ಡ್ರಾ’ ಎಂಬ ಕಂಪ್ಯೂಟರ್ ಕ್ರಮವಿಧಿಯನ್ನು ಬರೆದು ಉಚಿತವಾಗಿ ಹಂಚಿದರು. ಅದರ ಮೂಲಮಾನ 0.4 ಮಿಲಿಮೀಟರು. ಈ ಮಾನದಲ್ಲಿ ಸ್ಟಡ್‌ಗಳ ಅಂತರ 20, ಇಟ್ಟಿಗೆಯ ಎತ್ತರ 24, ಪ್ಲೇಟಿನ ಎತ್ತರ 8. ದಶಮಾಂಶಗಳೆಲ್ಲ ಮಾಯವಾಗಿ ಪೂರ್ಣಾಂಕಗಳೇ ಉಳಿದವು.

ಈ ಭಾಷೆಯಲ್ಲಿ ಒಂದು ತುಂಡಿಗೆ ಒಂದು ಸಾಲು. ಸಾಲಿನಲ್ಲಿ ಮೊದಲು ಇದು ತುಂಡಿನ ಸಾಲು ಎಂದು ಹೇಳುವ 1. ನಂತರ ಬಣ್ಣದ ಸಂಖ್ಯೆ, ಉದಾಹರಣೆಗೆ ಕೆಂಪಿಗೆ 4. ನಂತರ ತುಂಡು ಇರುವ ಸ್ಥಳವನ್ನು ಹೇಳುವ ಮೂರು ಸಂಖ್ಯೆಗಳು. ಅದು ಯಾವ ಕಡೆಗೆ ತಿರುಗಿದೆ ಎಂದು ಹೇಳುವ ಒಂಬತ್ತು ಸಂಖ್ಯೆಗಳು. ಕೊನೆಗೆ ತುಂಡಿನ ಹೆಸರು. 2×4 ಇಟ್ಟಿಗೆಯ ಹೆಸರು 3001. ಪಿ.ಯು.ಸಿ. ಗಣಿತದಲ್ಲಿ ಬರುವ 3×3 ಮಾತೃಕೆಯೇ ಆ ಒಂಬತ್ತು ಸಂಖ್ಯೆಗಳು. ಒಂದು ಕಟ್ಟುವ ಹಂತ ಮುಗಿಯಿತು ಎಂದು ಸೂಚಿಸಲೂ ಒಂದು ಸಾಲಿದೆ. ಹೀಗಾಗಿ ನೌಕೆಯ ಚಿತ್ರ, ತುಂಡುಗಳ ಪಟ್ಟಿ, ಹಂತ ಹಂತದ ಸೂಚನೆ ಎಲ್ಲವನ್ನೂ ಒಂದೇ ಕಡತದಿಂದ ಪಡೆಯಬಹುದು.

ಜೆಸ್ಸಿಮನ್ 1997ರಲ್ಲಿ ಎಳೆಯ ವಯಸ್ಸಿನಲ್ಲೇ ತೀರಿಕೊಂಡರು. ಅವರ ಕೆಲಸ ನಿಲ್ಲಲಿಲ್ಲ. ಭಾಷೆ ಸರಳವಾದ ಅಕ್ಷರ, ಅಂಕಿಗಳಲ್ಲಿದ್ದುದರಿಂದ ಯಾರು ಬೇಕಾದರೂ ಓದಬಹುದಿತ್ತು, ಮುಂದುವರಿಸಬಹುದಿತ್ತು. ಹವ್ಯಾಸಿಗಳು ತಮ್ಮಲ್ಲಿದ್ದ ತುಂಡುಗಳನ್ನು ತಾವೇ ಅಳೆದು ಸೇರಿಸುತ್ತ ಹೋದರು. ಇಂದು ಆ ಭಂಡಾರದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ತುಂಡುಗಳಿವೆ. ಲೆಗೋ ಸಂಸ್ಥೆ 2004ರಲ್ಲಿ ತನ್ನದೇ ವಿನ್ಯಾಸ ತಂತ್ರಾಂಶವನ್ನು ಹೊರತಂದಿತ್ತು. 2022ರಲ್ಲಿ ಅದನ್ನು ನಿಲ್ಲಿಸಿತು. ಒಬ್ಬ ಯುವಕ ಹಂಚಿಹೋದ ಭಾಷೆ ಈಗಲೂ ಬಳಕೆಯಲ್ಲಿದೆ. ಜ್ಞಾನವನ್ನು ಯಾವ ರೂಪದಲ್ಲಿ ಬರೆದಿಡುತ್ತೇವೆ ಎಂಬುದರ ಮೇಲೆ ಅದರ ಆಯುಷ್ಯ ನಿಂತಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಆದರೆ ಎಚ್ಚರಿಕೆ ಬೇಕು. ಪರದೆಯ ಮೇಲೆ ಗುರುತ್ವಾಕರ್ಷಣೆಯಿಲ್ಲ. ಅಲ್ಲಿ ಯಾವುದಕ್ಕೂ ಅಂಟದ ತುಂಡು ಗಾಳಿಯಲ್ಲಿ ನಿಲ್ಲುತ್ತದೆ, ಒಂದು ತುಂಡು ಇನ್ನೊಂದರ ಮೈಯೊಳಗೇ ತೂರುತ್ತದೆ, ತಯಾರೇ ಆಗದ ಬಣ್ಣದ ತುಂಡೂ ಸಿಗುತ್ತದೆ. ಬೆರಳು ಹೋಗಲು ಜಾಗವಿದೆಯೇ ಎಂಬುದೂ ತಿಳಿಯದು. ಆದ್ದರಿಂದ ಹಂಚುವ ಮೊದಲು ಒಮ್ಮೆ ಕೈಯಾರೆ ಕಟ್ಟಬೇಕು. ಆಮೇಲೆ ಸೂಚನೆಯನ್ನಷ್ಟೇ ಕೊಟ್ಟು ಇನ್ನೊಬ್ಬರಿಂದ ಕಟ್ಟಿಸಬೇಕು. ಅವರು ತಡವರಿಸಿದ ಜಾಗವೇ ನೀವು ತಿದ್ದಬೇಕಾದ ಜಾಗ. ಪ್ರಯೋಗಶಾಲೆಯ ಫಲಿತಾಂಶವನ್ನು ಮತ್ತೊಂದು ಪ್ರಯೋಗಶಾಲೆ ಪರೀಕ್ಷಿಸುವುದೂ ಇದೇ ಕಾರಣಕ್ಕೆ.

ಹೆಸರು ಮತ್ತು ಹಕ್ಕು

ಹಂಚಿಕೊಂಡ ವಿನ್ಯಾಸ ಯಾರದು? ಇಟ್ಟಿಗೆಯ ಪೇಟೆಂಟ್ ಅವಧಿ ಎಂದೋ ಮುಗಿದಿದೆ. ಅದರ ಆಕಾರವನ್ನು ವ್ಯಾಪಾರ ಚಿಹ್ನೆಯಾಗಿ ಉಳಿಸಿಕೊಳ್ಳಬೇಕೆಂಬ ಲೆಗೋ ಸಂಸ್ಥೆಯ ಬೇಡಿಕೆಯನ್ನು ಯುರೋಪಿನ ನ್ಯಾಯಾಲಯ 2010ರಲ್ಲಿ ತಳ್ಳಿಹಾಕಿತು. ಆ ಆಕಾರ ಇರುವುದು ಕೆಲಸಕ್ಕಾಗಿ, ಗುರುತಿಗಾಗಿ ಅಲ್ಲ ಎಂಬುದು ಅದರ ತರ್ಕ. ಇಟ್ಟಿಗೆ ಎಲ್ಲರದ್ದಾದರೂ, ಇಟ್ಟಿಗೆಗಳಿಂದ ಒಬ್ಬರು ರೂಪಿಸಿದ ನೌಕೆ ಅವರ ಬುದ್ಧಿಯ ಫಲ. ಮತ್ತೊಬ್ಬರ ವಿನ್ಯಾಸವನ್ನು ಆಧರಿಸಿದಾಗ ಅವರ ಹೆಸರನ್ನು ಹೇಳುವುದು, ಒಪ್ಪಿಗೆಯಿಲ್ಲದೆ ಮಾರದಿರುವುದು ಈ ಹವ್ಯಾಸಿಗಳು ಪಾಲಿಸುವ ಶಿಸ್ತು.

ಹಂಚಿಕೆಯ ಫಲ ದೊಡ್ಡದೂ ಆಗಬಹುದು. ಹವ್ಯಾಸಿಗಳ ಮಾದರಿಗೆ 10,000 ಜನ ಬೆಂಬಲ ಸೂಚಿಸಿದರೆ ಲೆಗೋ ಸಂಸ್ಥೆ ಅದನ್ನು ತಯಾರಿಕೆಗಾಗಿ ಪರಿಶೀಲಿಸುವ ಒಂದು ಯೋಜನೆಯಿದೆ. ಬ್ರಿಟನ್ನಿನ ಪೀಟರ್ ರೀಡ್ ಕಲ್ಪಿಸಿದ, ಮನುಷ್ಯ ಒಳಗೆ ನಿಂತು ನಡೆಸುವ ಯಂತ್ರಕವಚ ಹೀಗೆ 2014ರಲ್ಲಿ 321 ತುಂಡುಗಳ ಪೆಟ್ಟಿಗೆಯಾಗಿ ಅಂಗಡಿಗೆ ಬಂತು. ಅದೇ ವರ್ಷ ಬಂದ ಮಂಗಳಗ್ರಹದ ‘ಕ್ಯೂರಿಯಾಸಿಟಿ’ ವಾಹನದ ಮಾದರಿಯನ್ನು ರೂಪಿಸಿದವರು, ನಿಜವಾದ ಕ್ಯೂರಿಯಾಸಿಟಿಗಾಗಿ ಕೆಲಸ ಮಾಡಿದ್ದ ಎಂಜಿನಿಯರ್ ಸ್ಟೀಫನ್ ಪಾಕ್‌ಬಾಜ್!

ನೀವೇ ಮಾಡಿ ನೋಡಿ

ಇಟ್ಟಿಗೆಗಳು ದುಬಾರಿ. ಆದರೆ ವಿನ್ಯಾಸ ಕಲಿಯಲು ಒಂದು ಗ್ರಾಫ್ ಹಾಳೆ ಸಾಕು. ಒಂದು ಸಣ್ಣ ಚೌಕವನ್ನು ಒಂದು ಸ್ಟಡ್ ಎಂದಿಟ್ಟುಕೊಂಡು, 12 ಸ್ಟಡ್ ಉದ್ದದ ನೌಕೆಯ ನೆಲನೋಟವನ್ನು ಪದರಕ್ಕೊಂದರಂತೆ ಬರೆಯಿರಿ. ಪ್ರತಿ ಪದರದ ತುಂಡುಗಳ ಪಟ್ಟಿ ಮಾಡಿ. ಹಾಳೆಗಳನ್ನು ಗೆಳೆಯರಿಗೆ ಕೊಟ್ಟು, ನೀವು ಬಾಯಿಬಿಡದೆ, ನೌಕೆಯ ಪಕ್ಕನೋಟವನ್ನು ಅವರಿಂದ ಬರೆಸಿ. ಅದು ನಿಮ್ಮ ಮನಸ್ಸಿನಲ್ಲಿದ್ದ ನೌಕೆಯೇ ಆಗಿದ್ದರೆ ನೀವು ಮೂರನೆಯ ಮೆಟ್ಟಿಲನ್ನು ಏರಿದ್ದೀರಿ.

ಯೋಚಿಸಿ ಉತ್ತರಿಸಿ

1. ಮಲಗಿಸಿದ 15 ಪ್ಲೇಟ್‌ಗಳು ಎಷ್ಟು ಸ್ಟಡ್ ಅಗಲದ ಜಾಗವನ್ನು ತುಂಬುತ್ತವೆ?

2. 5, 12, 13 ಬಾಹುಗಳ ಲಂಬಕೋನ ತ್ರಿಭುಜವನ್ನು ಬಳಸಿ ಓರೆ ರೆಕ್ಕೆ ಕಟ್ಟಲು ಎಷ್ಟು ಸ್ಟಡ್ ಉದ್ದ ಬೇಕು?

3. 200 ತುಂಡುಗಳ ನೌಕೆಯನ್ನು ಒಳಗೂ ಹೊರಗೂ ಅದೇ ರೀತಿ ತುಂಬಿ ಮೂರು ಪಟ್ಟು ಉದ್ದ ಕಟ್ಟಿದರೆ ಸುಮಾರು ಎಷ್ಟು ತುಂಡುಗಳು ಬೇಕು? ಒಳಗೆ ಟೊಳ್ಳಾಗಿಟ್ಟರೆ ಈ ಸಂಖ್ಯೆ ಏಕೆ ಇಳಿಯುತ್ತದೆ?