ಕುದುರೆಗೆ ಗಟ್ಟಿ ಮೇವು: ನೆನೆಸುವ ಬಗ್ಗೆ ಏಳು ತಪ್ಪು ಕಲ್ಪನೆಗಳು

ಲೂಸರ್ನ್ ಎಂದೂ ಕರೆಯುವ ಕುದುರೆ ಮಸಾಲೆ ಸೊಪ್ಪನ್ನೋ ತಿಮೋತಿ ಹುಲ್ಲನ್ನೋ ಒಣಗಿಸಿ, ಕತ್ತರಿಸಿ, ಯಂತ್ರದಲ್ಲಿ ಒತ್ತಿದರೆ ಸುಮಾರು 3 ಸೆಂ.ಮೀ. ದಪ್ಪದ ಗಟ್ಟಿ ಕ್ಯೂಬ್ ಸಿಗುತ್ತದೆ. ಅಮೆರಿಕ, ಕೆನಡಾಗಳಲ್ಲಿ ಕುದುರೆ ಸಾಕುವವರು ಇದನ್ನು ಮೂಟೆಗಟ್ಟಲೆ ಕೊಳ್ಳುತ್ತಾರೆ. ದೂಳು ಕಡಿಮೆ, ಜಾಗ ಉಳಿತಾಯ, ತೂಗಿ ಹಾಕುವುದು ಸುಲಭ. ಹುರುಳಿಯನ್ನು ನೆನೆಸಿಯೋ ಬೇಯಿಸಿಯೋ ಕುದುರೆಗೆ ಇಡುವುದು ನಮ್ಮಲ್ಲಿ ಹಳೆಯ ರೂಢಿ. ಆದ್ದರಿಂದ ‘ನೆನೆಸಿ ಕೊಡಿ’ ಎಂಬ ಸಲಹೆ ನಮಗೇನೂ ಹೊಸದಲ್ಲ. ಯಾಕೆ ನೆನೆಸಬೇಕು, ಎಷ್ಟು ನೆನೆಸಬೇಕು ಎಂಬಲ್ಲೇ ಗೊಂದಲ.

ತಪ್ಪು ಕಲ್ಪನೆ 1: ಒಣ ಕ್ಯೂಬ್ ಹೊಟ್ಟೆಯಲ್ಲಿ ಉಬ್ಬಿ, ಹೊಟ್ಟೆ ಒಡೆಯುತ್ತದೆ.

ಸತ್ಯ: ಅಪಾಯ ಇರುವುದು ಹೊಟ್ಟೆಯಲ್ಲಲ್ಲ, ಅನ್ನನಾಳದಲ್ಲಿ. ದೊಡ್ಡ ಕುದುರೆಯ ಅನ್ನನಾಳ ಒಂದು ಮೀಟರಿಗೂ ಉದ್ದ. ಸರಿಯಾಗಿ ಅಗಿಯದೆ ನುಂಗಿದ ಒಣ ತುಂಡು ಅಲ್ಲಿ ಸಿಕ್ಕಿಕೊಂಡು, ಜೊಲ್ಲು ಹೀರಿ ಉಬ್ಬಿ ದಾರಿ ಕಟ್ಟುತ್ತದೆ. ಇದನ್ನೇ ‘ಚೋಕ್’ ಎನ್ನುತ್ತಾರೆ. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ, ಹಾಗಾಗಿ ಸಿಕ್ಕಿಕೊಂಡಿದ್ದನ್ನು ತಾನಾಗಿ ಹೊರಹಾಕುವುದು ಅದಕ್ಕೆ ಬಹಳ ಕಷ್ಟ.

ತಪ್ಪು ಕಲ್ಪನೆ 2: ಕುದುರೆಗೆ ಗಟ್ಟಿ ಹಲ್ಲಿದೆ, ಅಗಿದು ತಿನ್ನುತ್ತದೆ ಬಿಡಿ.

ಸತ್ಯ: ಕುದುರೆಗೆ ಜೊಲ್ಲು ಸುರಿಯುವುದೇ ಅಗಿಯುವಾಗ. ಉದ್ದನೆಯ ಹುಲ್ಲನ್ನು ಅದು ನಿಧಾನವಾಗಿ, ಬಹಳ ಹೊತ್ತು ಅಗಿಯುತ್ತದೆ. ಒತ್ತಿದ ಮೇವನ್ನು ಹಸಿದ ಕುದುರೆ ಗಬಗಬನೆ ನುಂಗಿಬಿಡಬಹುದು. ಹಲ್ಲಿನ ವಿಷಯವೂ ಇದೆ. ಕುದುರೆಯ ದವಡೆ ಹಲ್ಲು ವರ್ಷಕ್ಕೆ 2-3 ಮಿ.ಮೀ. ಸವೆಯುತ್ತದೆ, ಒಸಡಿನೊಳಗಿಂದ ಅಷ್ಟೇ ಮೇಲೆ ಬರುತ್ತದೆ. ಆ ದಾಸ್ತಾನು ಮುಗಿಯುವ ಇಳಿವಯಸ್ಸಿನಲ್ಲಿ ಹುಲ್ಲನ್ನು ಅರೆಯಲಾಗದೆ ಉಂಡೆ ಕಟ್ಟಿ ಉಗುಳತೊಡಗುತ್ತದೆ. ಅಂಥ ಮುದಿ ಕುದುರೆಗೆ ಚೆನ್ನಾಗಿ ನೆನೆದ ಕ್ಯೂಬ್ ಜೀವ ಉಳಿಸುವ ಮೇವು, ಒಣ ಕ್ಯೂಬ್ ಜೀವಕ್ಕೇ ಸಂಚಕಾರ.

ತಪ್ಪು ಕಲ್ಪನೆ 3: ಮೇಲೆ ನೀರು ಚಿಮುಕಿಸಿದರೆ ಸಾಕು.

ಸತ್ಯ: ಚಿಮುಕಿಸಿದರೆ ಹೊರಗೆ ಅಂಟು, ಒಳಗೆ ಕಲ್ಲು. ಒಂದು ಅಳತೆ ಕ್ಯೂಬಿಗೆ ಕನಿಷ್ಠ ಎರಡು ಅಳತೆ ನೀರು ಬೇಕು, ಬಕೆಟ್ಟಿನಲ್ಲಿ ಉಬ್ಬಲು ಜಾಗವೂ ಬೇಕು. ಉಗುರುಬೆಚ್ಚಗಿನ ನೀರಾದರೆ ಅರ್ಧದಿಂದ ಒಂದು ಗಂಟೆ, ತಣ್ಣೀರಾದರೆ ಇನ್ನೂ ಹೆಚ್ಚು ಹೊತ್ತು ಹಿಡಿಯುತ್ತದೆ. ಆದರೆ ಗಡಿಯಾರಕ್ಕಿಂತ ಕೈ ನಂಬಿಕಸ್ಥ. ಬಕೆಟ್ಟಿನ ತಳಕ್ಕೆ ಕೈ ಹಾಕಿ, ಎಲ್ಲಕ್ಕಿಂತ ದಪ್ಪಗಿನ ಕ್ಯೂಬನ್ನು ತೆಗೆದು ಬೆರಳುಗಳ ನಡುವೆ ಹಿಚುಕಿ. ಪೂರ್ತಿ ಎಳೆ ಎಳೆಯಾಗಿ ಬಿಚ್ಚಿಕೊಳ್ಳಬೇಕು. ನಡುವೆ ಕಡಲೆಕಾಳಿನಷ್ಟು ಗಟ್ಟಿ ಭಾಗ ಉಳಿದಿದ್ದರೂ ಇನ್ನಷ್ಟು ನೀರು ಹಾಕಿ ಕಾಯಿರಿ.

ತಪ್ಪು ಕಲ್ಪನೆ 4: ಬೆಳಿಗ್ಗೆ ಒಮ್ಮೆ ನೆನೆಸಿಟ್ಟರೆ ಇಡೀ ದಿನಕ್ಕಾಯಿತು.

ಸತ್ಯ: ನೆನೆದ ಮೇವು ಬಿಸಿಲಿಗೆ ಬೇಗ ಹುಳಿಯುತ್ತದೆ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಂತೂ ಬೆಳಗಿನ ಬಕೆಟ್ಟನ್ನು ಸಂಜೆಗೆ ಇಡುವ ಮಾತೇ ಬೇಡ. ಪ್ರತಿ ಹೊತ್ತಿಗೆ ಬೇಕಾದಷ್ಟನ್ನೇ ನೆರಳಿನಲ್ಲಿ ನೆನೆಸಿ. ಹುಳಿವಾಸನೆ ಬಂದರೆ, ನೊರೆ ಕಂಡರೆ ಚೆಲ್ಲಿ. ಬಕೆಟ್ಟನ್ನು ಪ್ರತಿ ಸಲವೂ ಉಜ್ಜಿ ತೊಳೆಯಿರಿ.

ತಪ್ಪು ಕಲ್ಪನೆ 5: ಬಕೆಟ್ ತುಂಬಿತು, ಹೊಟ್ಟೆಯೂ ತುಂಬಿತು.

ಸತ್ಯ: ಒಂದು ಕಿಲೋ ಕ್ಯೂಬ್ ಎರಡು ಲೀಟರ್ ನೀರು ಹೀರಿ ಮೂರು ಕಿಲೋ ತೂಗುತ್ತದೆ, ಆದರೆ ಮೇವು ಇರುವುದು ಅದೇ ಒಂದು ಕಿಲೋ. ಕುದುರೆಗೆ ದಿನಕ್ಕೆ ದೇಹತೂಕದ ಶೇ. 1.5ರಿಂದ 2ರಷ್ಟು ಒಣಮೇವು ಬೇಕು. 400 ಕಿಲೋ ತೂಗುವ ಕುದುರೆಗೆ 6ರಿಂದ 8 ಕಿಲೋ. ಇದನ್ನು ನೆನೆಸುವ ಮೊದಲೇ ತೂಗಿ, ಹಲವು ಹೊತ್ತುಗಳಿಗೆ ಹಂಚಿ. ಹಲ್ಲು ಗಟ್ಟಿಯಿರುವ ಕುದುರೆಗೆ ಉದ್ದನೆಯ ಹುಲ್ಲನ್ನೂ ಇಡಿ, ಗಂಟೆಗಟ್ಟಲೆ ಮೇಯುವುದು ಅದರ ಸ್ವಭಾವ.

ತಪ್ಪು ಕಲ್ಪನೆ 6: ಎಲ್ಲ ಗಟ್ಟಿ ಮೇವೂ ಒಂದೇ, ದನದ್ದನ್ನೇ ನೆನೆಸಿ ಕೊಟ್ಟರಾಯಿತು.

ಸತ್ಯ: ಇದು ಎಲ್ಲಕ್ಕಿಂತ ಅಪಾಯದ ನಂಬಿಕೆ. ದನ, ಕೋಳಿಗಳ ಕೆಲವು ಆಹಾರಗಳಲ್ಲಿ ಮೊನೆನ್ಸಿನ್ ಎಂಬ ಔಷಧ ಬೆರೆತಿರುತ್ತದೆ. ದನ ತಾಳಿಕೊಳ್ಳುವ ಪ್ರಮಾಣ ಕುದುರೆಯ ಹೃದಯದ ಸ್ನಾಯುವನ್ನು ಹಾಳುಮಾಡಿ ಕೊಲ್ಲಬಲ್ಲದು. ಯೂರಿಯಾ ಸೇರಿಸಿದ ಮೇವಿನ ಇಟ್ಟಿಗೆಗಳೂ ದನಗಳ ಮೆಲುಕುಹೊಟ್ಟೆಗೆಂದೇ ಮಾಡಿದವು, ಕುದುರೆಗೆ ಅಂಥ ಹೊಟ್ಟೆಯಿಲ್ಲ. ನೆನೆಸಿದ ಮಾತ್ರಕ್ಕೆ ಇವು ನಿರಪಾಯವಾಗುವುದಿಲ್ಲ. ಚೀಲದ ಮೇಲಿನ ಚೀಟಿ ಓದದೆ ಯಾವುದನ್ನೂ ಕುದುರೆಯ ಬಾಯಿಗೆ ಇಡಬೇಡಿ.

ತಪ್ಪು ಕಲ್ಪನೆ 7: ಗಂಟಲಿಗೆ ಸಿಕ್ಕಿದರೆ ನೀರು ಸುರಿದು ಇಳಿಸಬಹುದು.

ಸತ್ಯ: ಸಿಕ್ಕಿಕೊಂಡ ಕುದುರೆ ಕತ್ತು ಚಾಚುತ್ತದೆ, ಮತ್ತೆ ಮತ್ತೆ ನುಂಗಲು ನೋಡುತ್ತದೆ, ಕೆಮ್ಮುತ್ತದೆ. ಮೂಗಿನ ಹೊಳ್ಳೆಗಳಿಂದ ಹಸಿರು ಮೇವು ಬೆರೆತ ಜೊಲ್ಲು ಸುರಿಯುತ್ತದೆ. ನೋಡಲು ಭಯವಾದರೂ ಶ್ವಾಸನಾಳ ಬೇರೆಯೇ ಆದ್ದರಿಂದ ಅದು ಉಸಿರಾಡುತ್ತಿರುತ್ತದೆ. ದನಕ್ಕೆ ಗೊಟ್ಟ ಹಾಕಿದಂತೆ ನೀರನ್ನೋ ಎಣ್ಣೆಯನ್ನೋ ಸುರಿದರೆ ಅದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ಮೇವು, ನೀರು ಎರಡನ್ನೂ ತೆಗೆದಿಡಿ. ತಲೆ ತಗ್ಗಿಸಿ ಸಮಾಧಾನವಾಗಿ ನಿಲ್ಲಲು ಬಿಡಿ. ತಡಮಾಡದೆ ಪಶುವೈದ್ಯರನ್ನು ಕರೆಸಿ.

ಇಷ್ಟಕ್ಕೆಲ್ಲ ಬೇಕಾದ್ದು ಒಂದು ತಕ್ಕಡಿ, ಒಂದು ಬಕೆಟ್, ಶುದ್ಧ ನೀರು, ಒಂದಿಷ್ಟು ತಾಳ್ಮೆ. ಒಣಗಿದ್ದನ್ನು ತೂಗಿ, ಪೂರ್ತಿ ನೆನೆಸಿ, ಕೈಯಾರೆ ಹಿಚುಕಿ ನೋಡಿದ ಮೇಲೆಯೇ ಕುದುರೆಯ ಮುಂದಿಡಿ. ಲಾಯದಲ್ಲಿ ಬೇರೆಯವರು ಮೇವು ಹಾಕುವುದಾದರೆ ಅವರಿಗೂ ಇದನ್ನು ಕಲಿಸಿ.