ಕಾಲುವೆಯ ಈಜು: ಮೋಜಿಗೆ ಮುನ್ನ ಎಚ್ಚರ

ಬೇಸಿಗೆ ರಜೆ ಬಂತೆಂದರೆ ರಾಯಚೂರು ಸೀಮೆಯ ಹುಡುಗರಿಗೆ ನೀರಿನದೇ ಧ್ಯಾನ. ಬಿಸಿಲು 40 ಡಿಗ್ರಿ ದಾಟಿ ಮೈ ಕಾದ ಹಂಚಿನಂತಾದಾಗ ಅದರಲ್ಲಿ ತಪ್ಪೇನೂ ಇಲ್ಲ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ದೇವದುರ್ಗದ ಕಡೆ ನಾರಾಯಣಪುರ ಬಲದಂಡೆ ಕಾಲುವೆ, ಮಾನ್ವಿಯ ಕಡೆ ತುಂಗಭದ್ರಾ ಎಡದಂಡೆ ಕಾಲುವೆ. ಮೆಡಿಟರೇನಿಯನ್ ಕಡಲ ತೀರದಲ್ಲಿ ಈಜಲು ಹೋಗುವವರಿಗೆ ಅನೇಕ ಕಡೆ ಕಾವಲುಗಾರರಿರುತ್ತಾರೆ, ಅಪಾಯವಿದ್ದರೆ ಕೆಂಪು ಬಾವುಟ ಏರುತ್ತದೆ. ನಮ್ಮ ಕಾಲುವೆ ದಂಡೆಯಲ್ಲಿ ಎಚ್ಚರಿಸುವವರು ಯಾರು?

ಈಜು ಉತ್ತಮ ವ್ಯಾಯಾಮ. ಕೈಕಾಲು, ಎದೆ, ಬೆನ್ನು ಎಲ್ಲಕ್ಕೂ ಕೆಲಸ ಸಿಗುತ್ತದೆ. ದೇಹದ ಭಾರವನ್ನು ನೀರೇ ಹೊರುವುದರಿಂದ ಮೊಣಕಾಲು ನೋವಿನವರಿಗೂ ಹಿತ. ಆದರೆ ಎಲ್ಲ ನೀರೂ ಈಜುವ ನೀರಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು.

ಎಲ್ಲಿ ಅಪಾಯ?

ಸಿಮೆಂಟು ಹಾಕಿದ ಕಾಲುವೆಯ ಬದಿ ಇಳಿಜಾರು. ಪಾಚಿ ಕಟ್ಟಿದರೆ ಕಾಲು ನಿಲ್ಲದು, ಹಿಡಿಯಲು ಏನೂ ಸಿಗದು. ನೀರಿನ ಸೆಳೆತ ಸೇರಿದರೆ ಈಜು ಬಲ್ಲವರೂ ಮೇಲೆ ಹತ್ತಲಾರರು. ಗೇಟುಗಳ ಬಳಿ ಸೆಳೆತ ಇನ್ನೂ ಹೆಚ್ಚು. ನದಿಯಲ್ಲಿ ಮರಳು ತೆಗೆದ ಗುಂಡಿಗಳು ಮೇಲಿನಿಂದ ಕಾಣುವುದಿಲ್ಲ. ಮಳೆಗಾಲದಲ್ಲಿ ನಮ್ಮಲ್ಲಿ ಹನಿ ಬೀಳದಿದ್ದರೂ ಮಹಾರಾಷ್ಟ್ರದ ಮಳೆಗೆ ಕೃಷ್ಣೆ ಏರುತ್ತಾಳೆ. ನಾರಾಯಣಪುರದಿಂದ ಹೆಚ್ಚು ನೀರು ಬಿಟ್ಟರೆ ದೇವದುರ್ಗದ ಹೂವಿನಹೆಡಗಿ ಸೇತುವೆಯೇ ಮುಳುಗುವುದುಂಟು. ಕೃಷ್ಣೆಯಲ್ಲಿ ಮೊಸಳೆಗಳೂ ಇವೆ.

ಬೆನ್ನಿಗೆ ಡಬ್ಬಿ ಕಟ್ಟಿ ಮಕ್ಕಳಿಗೆ ಈಜು ಕಲಿಸುವುದು ಹಳೆಯ ರೂಢಿ. ಹಗ್ಗ ಸಡಿಲಾದರೆ ಡಬ್ಬಿ ಒಂದು ಕಡೆ, ಮಗು ಒಂದು ಕಡೆ. ಆದ್ದರಿಂದ ಈಜು ಬಲ್ಲ ಹಿರಿಯರು ಕೈಗೆಟಕುವಷ್ಟು ಹತ್ತಿರವಿರಲಿ. ಮೂರ್ಛೆ ರೋಗವಿರುವವರು ಒಂಟಿಯಾಗಿ ನೀರಿಗಿಳಿಯಬಾರದು. ಕಿವಿ ಸೋರುವವರು, ಮೈಮೇಲೆ ಹಸಿ ಗಾಯವಿರುವವರು ಗುಣವಾಗುವವರೆಗೆ ಈಜಬಾರದು. ಕುಡಿದವರಂತೂ ದಂಡೆಗೂ ಹೋಗಬಾರದು.

ಯಾರಾದರೂ ಮುಳುಗುತ್ತಿದ್ದರೆ

ಮುಳುಗುವವರು ಕೂಗಿ ಕರೆಯುತ್ತಾರೆಂದು ಕಾಯಬೇಡಿ. ಉಸಿರಿಗಾಗಿ ಒದ್ದಾಡುವಾಗ ದನಿ ಹೊರಡುವುದಿಲ್ಲ. ಅವರ ಹಿಂದೆಯೇ ಹಾರಿದರೆ ಎರಡು ಜೀವ ಹೋಗಬಹುದು. ದಂಡೆಯಲ್ಲೇ ನಿಂತು ಹಗ್ಗ, ಧೋತರ, ಸೀರೆ ಅಥವಾ ಉದ್ದನೆಯ ಕೋಲು ಚಾಚಿ. ಮುಚ್ಚಳ ಬಿಗಿದ ಖಾಲಿ ಕೊಡ, ಕ್ಯಾನು ಎಸೆದರೂ ಆಸರೆಯಾದೀತು.

ಮೇಲೆ ತಂದವರನ್ನು ತಲೆಕೆಳಗು ಮಾಡುವುದು, ಹೊಟ್ಟೆ ಒತ್ತಿ ನೀರು ತೆಗೆಯುವುದು, ತಲೆಯ ಮೇಲೆ ಹೊತ್ತು ತಿರುಗಿಸುವುದು ತಪ್ಪು. ಇದರಿಂದ ಅಮೂಲ್ಯ ನಿಮಿಷಗಳು ಕಳೆಯುತ್ತವೆ, ವಾಂತಿ ಶ್ವಾಸಕೋಶಕ್ಕೆ ಇಳಿಯಬಹುದು. ಉಸಿರಾಟ ನಿಂತಿದ್ದರೆ ಅಂಗಾತ ಮಲಗಿಸಿ, ಗದ್ದ ಮೇಲೆತ್ತಿ, ಮೂಗು ಹಿಡಿದು, ಬಾಯಿಗೆ ಬಾಯಿಟ್ಟು ಎದೆ ಏರುವಂತೆ 2 ಬಾರಿ ಊದಿರಿ. ನಂತರ ಎದೆಯ ನಡುವೆ ಅಂಗೈ ಇಟ್ಟು ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ 30 ಬಾರಿ ಗಟ್ಟಿಯಾಗಿ ಒತ್ತಿರಿ. ಮತ್ತೆ 2 ಉಸಿರು, 30 ಒತ್ತು. ನೆರವು ಬರುವವರೆಗೆ ಬಿಡಬೇಡಿ. ಅಷ್ಟರಲ್ಲಿ ಇನ್ನೊಬ್ಬರು 108ಕ್ಕೆ ಕರೆ ಮಾಡಲಿ. ಉಸಿರಾಡುತ್ತಿದ್ದು ಎಚ್ಚರವಿಲ್ಲದಿದ್ದರೆ ಒಂದು ಮಗ್ಗುಲಿಗೆ ಹೊರಳಿಸಿ ಮಲಗಿಸಿರಿ.

ಎದ್ದು ಕುಳಿತು ಮಾತನಾಡಿದರೆಂದು ನೇರವಾಗಿ ಮನೆಗೆ ಕರೆದೊಯ್ಯಬೇಡಿ. ನೀರು ಹೊಕ್ಕ ಶ್ವಾಸಕೋಶ ಕೆಲವು ಗಂಟೆಗಳ ನಂತರವೂ ಹದಗೆಡಬಹುದು; ವೈದ್ಯರಿಗೆ ತೋರಿಸಲೇಬೇಕು.

ಮಕ್ಕಳಿಗೆ ಈಜು ಬೇಡವೆನ್ನಬೇಡಿ, ಕಲಿಸಿರಿ. ಯಾವ ನೀರಿಗೆ ಇಳಿಯಬಾರದು ಎಂಬುದನ್ನು ಮೊದಲು ಕಲಿಸಿರಿ.